ರಾಸ್ಪ್‌ಬೆರಿ ಪೊದೆಯಲ್ಲಿ ನನ್ನ ಆಡಳಿತ

ಕೈಗೊಂದು ಹೊಸ ಕತ್ತರಿ ಬಂದ ಕೂಡಲೇ ಮನುಷ್ಯ ತನಗೆ ತೋಟಗಾರಿಕೆಯೂ ಬಂತೆಂದು ಭಾವಿಸುತ್ತಾನೆ. ಪೆನ್ನು ಕೊಂಡವರೆಲ್ಲ ಕವಿಗಳಾಗುವ ಕಾಲದಲ್ಲಿ ಇದೇನೂ ಮಹಾಪರಾಧವಲ್ಲ. ಆದರೆ ಕೆಟ್ಟ ಪದ್ಯವನ್ನು ಹರಿದು ಹಾಕಬಹುದು, ಕತ್ತರಿಸಿದ ಕೊಂಬೆಯನ್ನು ಅಂಟಿಸಲಾಗದು. ಈ ಸತ್ಯವನ್ನು ನಾನು ಕಂಡುಕೊಂಡದ್ದು ಅರ್ಧ ಬೇಲಿ ಮುಗಿಸಿದ ಮೇಲೆ.

ಗಡಿಯಾಚೆ ಮಲಯಾಳ ಸೀಮೆಯ ಪುಲ್ಪಳ್ಳಿಯ ಹತ್ತಿರ ನಾನು ಲೆಕ್ಕದ ಮೇಷ್ಟರಾಗಿದ್ದ ದಿನಗಳವು. ಕಾಡಿನಲ್ಲಿ ನಕ್ಸಲರು, ರಸ್ತೆಯಲ್ಲಿ ಪೊಲೀಸರು, ನಡುವೆ ನಮ್ಮ ರಾಸ್ಪ್‌ಬೆರಿ ಪೊದೆ. ನನ್ನ ಹೆಂಡತಿ ಸಾವಿತ್ರಿ ಮಡಿಕೇರಿಯ ತವರಿನಿಂದ ಬಿಸ್ಕತ್ತಿನ ಡಬ್ಬಿಯಲ್ಲಿ ತಂದ ಒಂದು ಬೇರು ಆರು ವರ್ಷಗಳಲ್ಲಿ ಬೇಲಿಯುದ್ದಕ್ಕೂ ಹಬ್ಬಿ, ಪೋಸ್ಟ್‌ಮ್ಯಾನನನ್ನು ಎರಡು ಸಲ ಅಂಗಿ ಹಿಡಿದು ನಿಲ್ಲಿಸಿತ್ತು. "ತವರಿನಿಂದ ಬಂದದ್ದರಲ್ಲಿ ಈ ಮಣ್ಣಿಗೆ ಒಗ್ಗಿದ್ದು ಇದೊಂದೇ, ನಾನೂ ಒಗ್ಗಲಿಲ್ಲ" ಎನ್ನುತ್ತಿದ್ದಳು ಸಾವಿತ್ರಿ.

ಮಳೆಗಾಲ ಹಿಡಿಯುವ ಮೊದಲು ಒಂದು ದಿನ ಹೆಡ್ ಕಾನ್‌ಸ್ಟೇಬಲ್ ಗೇಟಿನ ಬಳಿ ನಿಂತು ಲಾಠಿಯಿಂದ ಪೊದೆಯ ವಿಚಾರಣೆ ನಡೆಸಿದರು.

"ಮಾಷೇ, ಇದು ಶರಿಯಾವಿಲ್ಲ. ಇದರೊಳಗೆ ನಾಲ್ಕು ಆಳು ಕೂತರೂ ಕಾಣೋದಿಲ್ಲ. ಸೋಮವಾರ ಬರ್ತೇನೆ. ಆಚೆಯಿಂದ ಈಚೆ ಕಾಣಬೇಕು. ಇಲ್ಲಾಂದ್ರೆ ನಮ್ಮವರೇ ಬುಡಸಮೇತ ತೆಗೀತಾರೆ."

"ಸಾರ್, ಒಳಗೆಲ್ಲ ಮುಳ್ಳು. ಯಾವ ಕ್ರಾಂತಿಕಾರಿಯೂ ಹತ್ತು ನಿಮಿಷ ಕೂರಲಾರ" ಎಂದೆ. ಅವರು ನಗಲಿಲ್ಲ. ಸಾವಿತ್ರಿಯೂ ನಗಲಿಲ್ಲ. "ಬುಡಕ್ಕೆ ಕೈ ಹಾಕಿದ್ರೆ ನಾನೂ ಅದರ ಜೊತೆ ಮಡಿಕೇರಿಗೆ ಹೊರಟೆ" ಎಂದಳು.

ಹೀಗೆ ಸಂಸಾರವೂ ಸರ್ಕಾರವೂ ಒಂದೇ ಪೊದೆಯಲ್ಲಿ ಸಿಕ್ಕಿಬಿದ್ದಿರಲು, ಭಾನುವಾರ ಬೆಳಿಗ್ಗೆ ನಾನು ಕತ್ತರಿ ಹಿಡಿದು ಇಳಿದೆ. ನಾನು ಸೀನಿಯಾರಿಟಿ ಪಕ್ಷದವನು. ಕಂದುಬಣ್ಣದ, ಸಿಪ್ಪೆ ಸುಲಿದ ಕೋಲುಗಳು ಹಣ್ಣು ಕೊಟ್ಟು ಅನುಭವ ಪಡೆದ ಹಿರಿಯರು. ಹಸಿರಾಗಿ ನುಣ್ಣಗಿರುವ ಎಳೆಯವು ನಿನ್ನೆ ಮೊನ್ನೆ ಸೇರಿದ ತರಲೆಗಳು. ಸೇವಾ ನಿಯಮಾವಳಿಯ ಪ್ರಕಾರ ಹಿರಿಯರನ್ನು ಉಳಿಸಿ, ಕಿರಿಯರನ್ನು ವಜಾ ಮಾಡುತ್ತಾ ಸಾಗಿದೆ.

ಅಷ್ಟರಲ್ಲಿ ಮಾದಿ ಬಂದಳು. ಕಾಡಂಚಿನ ಆದಿವಾಸಿ ಹಾಡಿಯವಳು, ವಾರಕ್ಕೆರಡು ದಿನ ನಮ್ಮ ಕಾಫಿ ಗಿಡಗಳ ಕೆಲಸಕ್ಕೆ ಬರುತ್ತಿದ್ದಳು.

"ಅಯ್ಯೋ ಮಾಷೇ, ಏನ್ ಪಣಿ ಮಾಡಿಟ್ರಿ! ಸತ್ತೋರ್ನ ನಿಲ್ಸಿ ಬದುಕಿರೋರ್ನ ಕುಯ್ದಿದ್ದೀರಲ್ಲ!"

ನನ್ನ ಹಿರಿಯರೊಬ್ಬರನ್ನು ಹಿಡಿದು ಉಗುರಿನಿಂದ ಕೆರೆದಳು. ಒಳಗೆ ಒಣಗಿದ ಸೌದೆ. ಎಳೆಯದನ್ನು ಕೆರೆದಳು. ಹಸಿರು, ಒದ್ದೆ.

"ಒಂದ್ಸಲ ಹಣ್ಣು ಬಿಟ್ಟ ಕೋಲು ಮತ್ತೆ ಬಿಡಾಕಿಲ್ಲ. ಬರೋ ವರ್ಷದ ಹಣ್ಣೆಲ್ಲ ಈ ಮರೀಲೇ ಇರೋದು. ಕಾಡಿನ ಮುಳ್ಳಣ್ಣೂ ಹಿಂಗೇ ಅಲ್ವಾ? ಮಾಷಿನ ಪುಸ್ತಕದಾಗೆ ಬರ್ದಿಲ್ವಾ?"

ಬರೆದಿರಲಿಲ್ಲ. ಉಳಿದರ್ಧ ಬೇಲಿಯಲ್ಲಿ ಅವಳು ಬೆರಳು ತೋರಿಸಿದ್ದನ್ನು ಮಾತ್ರ ಕತ್ತರಿಸಿದೆ. ಒಣಕೋಲುಗಳು ನೆಲಮಟ್ಟಕ್ಕೆ ಹೋದವು. ಹಸಿರುಕೋಲುಗಳನ್ನು ತಂತಿಗೆ ಬಿಡಿಬಿಡಿಯಾಗಿ ಕಟ್ಟಿದೆವು. ದಾರಿಗೆ ನುಗ್ಗಿದ್ದ ಮರಿಗಳನ್ನು ಮಾದಿ ಬೇರುಸಮೇತ ಎಬ್ಬಿಸಿ ಒದ್ದೆ ಗೋಣಿಯಲ್ಲಿ ಸುತ್ತಿಕೊಂಡಳು. ಅವಳ ಕಡೆಯವರು ಕಾಡಂಚಿನಲ್ಲಿ ತಮ್ಮದೆಂದು ಹಕ್ಕು ಹೂಡಿ ಹಾಕಿಕೊಂಡ ಗುಡಿಸಲುಗಳನ್ನು ಅರಣ್ಯ ಇಲಾಖೆಯವರು ಎರಡು ಸಲ ಕಿತ್ತಿದ್ದರು. ಇವರೀಗ ಮೂರನೆಯ ಸಲ ಕಟ್ಟುತ್ತಿದ್ದರು.

"ಅಲ್ಲಿ ನೆಟ್ಟು ಏನು ಮಾಡ್ತೀಯೇ? ಮತ್ತೆ ಬಂದು ಕಿತ್ತರೆ?"

"ಗುಡ್ಸಲು ಕೀಳೋದು ಸುಲಭ ಮಾಷೇ. ಇದನ್ನ ಕೀಳಾಕೆ ಬಂದೋರು ಅಂಗಿ ಬಿಟ್ಟೋಗ್ಬೇಕು."

ಸೋಮವಾರ ಹೆಡ್ ಕಾನ್‌ಸ್ಟೇಬಲ್ ರಸ್ತೆಯಲ್ಲಿ ಬಗ್ಗಿ ನೋಡಿದರು. ಆಚೆಯಿಂದ ಈಚೆ ಕಂಡದ್ದು ಬನಿಯನ್ನಿನಲ್ಲಿ ಹಲ್ಲುಜ್ಜುತ್ತಿದ್ದ ನಾನು. "ಶರಿ, ಶರಿ" ಎಂದು ಅವಸರದಿಂದ ಹೊರಟುಹೋದರು. ಪೊದೆಯ ಬುಡ ಉಳಿಯಿತು. ಸಾವಿತ್ರಿಯೂ ಉಳಿದಳು.

ಮರುವರ್ಷ ಮಾದಿಯ ಅರ್ಧದಲ್ಲಿ ಎಲೆ ಮರೆಯಾಗುವಷ್ಟು ಹಣ್ಣು. ನನ್ನ ಅರ್ಧದಲ್ಲಿ ಒಂದೂ ಇಲ್ಲ. ಬುಡದಿಂದ ಹೊಸ ಕುಡಿಗಳೇನೋ ಧಾರಾಳವಾಗಿ ಎದ್ದಿದ್ದವು. ಸಾವಿತ್ರಿ ನ್ಯಾಯವಂತೆ. ಮಾದಿಯ ಭಾಗದ ಹಣ್ಣನ್ನು ತಾನಿಟ್ಟುಕೊಂಡು, ನನ್ನ ಭಾಗದ್ದನ್ನು ನನಗೆ ಬಡಿಸಿದಳು. ಖಾಲಿ ತಟ್ಟೆಯ ಮುಂದೆ ಕೂತಿದ್ದಾಗ ಮಾದಿ ಬಂದಳು, ಕೈಯಲ್ಲೊಂದು ಎಲೆಯ ಪೊಟ್ಟಣ. ಗುಡಿಸಲು ಇನ್ನೂ ನಿಂತಿತ್ತು. ಅದರ ಬೇಲಿಯ ಮೊದಲ ಹಣ್ಣುಗಳವು. ಒಂದು ಬೊಗಸೆಯಾಗಬಹುದು. ನನ್ನ ತಟ್ಟೆ ನೋಡಿದಳು, ಸಾವಿತ್ರಿಯ ಮುಖ ನೋಡಿದಳು, ಮೂರು ಹಣ್ಣು ಎಣಿಸಿ ನನ್ನ ಮುಂದಿಟ್ಟಳು.

"ಮಾಷಿಗೂ ಇರ್ಲಿ ಅಮ್ಮಾ. ಪಾಪ, ಕಲೀತಾ ಇದ್ದಾರೆ."