ಬಿಳಿ ಗುಬ್ಬಿಯನ್ನು ನೋಡಿಕೊಂಡದ್ದು

ಕೆಲವರಿಗೆ ಎಲೆ ಅಡಿಕೆಯ ಚಟ, ಕೆಲವರಿಗೆ ಧಾರಾವಾಹಿಯ ಚಟ. ನನಗಿರುವುದು ತಿನ್ನಿಸುವ ಚಟ. ಸೊರಗಿದ ಜೀವ ಯಾವುದೇ ಕಣ್ಣಿಗೆ ಬಿದ್ದರೂ ನನ್ನ ಕೈ ತಾನಾಗಿ ಡಬ್ಬಿಯ ಕಡೆ ಹೋಗುತ್ತದೆ. ಬ್ಲೌಸಿನ ಅಳತೆ ಕೊಡಲು ಬಂದ ಹುಡುಗಿ ತೆಳ್ಳಗಿದ್ದರೆ ಟೇಪು ಹಿಡಿಯುವ ಮೊದಲು ಒಂದು ಶೇಂಗಾ ಉಂಡೆ ಕೈಗಿಡುತ್ತೇನೆ. ಆಮೇಲೆ ಬ್ಲೌಸು ಬಿಗಿಯಾದರೆ ತಪ್ಪು ಉಂಡೆಯದೋ ಕತ್ತರಿಯದೋ ಎಂಬುದು ಹೈದರಾಬಾದಿನ ಸುಲ್ತಾನ್ ಬಜಾರಿನ ನಮ್ಮ ಗಲ್ಲಿಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಇಷ್ಟೇ ಆಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಈ ಚಟದಿಂದ ನಾನು ಇದ್ದೊಬ್ಬ ತಮ್ಮನ ಓದಿಗೇ ಕಲ್ಲು ಹಾಕಿದೆ.

ನನ್ನ ಓದು ಏಳನೆಯ ತರಗತಿಗೆ ನಿಂತಿತು. ತಮ್ಮ ರಾಘು ನನ್ನ ಪಾಲಿನದನ್ನೂ ಸೇರಿಸಿ ಓದಿದ. ಊರೆಲ್ಲ ಕಂಪ್ಯೂಟರ್ ಕಂಪ್ಯೂಟರ್ ಎನ್ನುತ್ತಿದ್ದ ಕಾಲ ಅದು. ಎದುರು ಮನೆಯ ಕಸ್ತೂರಿಬಾಯಿಯ ಮಗ ಕೊರಳಿಗೆ ಕಂಪನಿಯ ಪಟ್ಟಿ ತೂಗಿಸಿಕೊಂಡು ಹೈಟೆಕ್ ಸಿಟಿಗೆ ಹೋಗುತ್ತಿದ್ದ. ನನ್ನ ತಮ್ಮ ಕೊರಳಿಗೆ ದುರ್ಬೀನು ತೂಗಿಸಿಕೊಂಡು ಬೇಗಂ ಬಜಾರಿನ ಕಾಳಿನ ಅಂಗಡಿಗಳ ಸೂರು ನೋಡುತ್ತ ತಿರುಗುತ್ತಿದ್ದ.

“ನಿಮ್ಮ ತಮ್ಮ ಯಾವ ಕಂಪನಿಯಾಗ ಅದಾನ್ರಿ?” ಎಂದು ಕಸ್ತೂರಿಬಾಯಿ ಕೇಳಿದರು.

“ಗುಬ್ಬಿ ನೋಡ್ತಾನ್ರಿ.”

“ಗುಬ್ಬಿ ಅಂದ್ರ ಅಮೆರಿಕಾದ್ದೇನ್ರಿ?”

ನಾನು ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಆ ವಾರವೇ ರಾಘುವಿಗೆ ಒಂದು ಒಳ್ಳೆಯ ಸಂಬಂಧ ಬಂದು, ಅವನ ನಿಜವಾದ ಕೆಲಸ ತಿಳಿದು, ವಾಪಸು ಹೋಯಿತು.

ಅವನ ಓದು ಏನೆಂದು ನನಗೆ ತಿಳಿಯುವ ಹಾಗೆ ಅವನೇ ಹೇಳಿದ್ದ. “ಅಕ್ಕಾ, ನೀ ಕಾಗದದ ಮ್ಯಾಲೆ ಬ್ಲೌಸಿನ ಕಟಿಂಗ್ ಬರಕೊಂಡಿರ್ತಿ. ಅದನ್ನ ನೋಡಿ ಇನ್ನೊಂದು, ಅದನ್ನ ನೋಡಿ ಮತ್ತೊಂದು ಬರದ್ರ ಎಲ್ಲೋ ಒಂದು ಗೆರಿ ತಪ್ಪತೈತಿ. ಜೀವದಾಗೂ ಹಂಗ. ಅಪ್ಪಂದೊಂದು ನಕಲು, ಅವ್ವಂದೊಂದು ನಕಲು. ಒಂದರಾಗ ತಪ್ಪಿದ್ರ ಎಷ್ಟೋ ಸಲ ಇನ್ನೊಂದು ಮುಚ್ಚಿಕೊಂತೈತಿ. ಎರಡರಾಗೂ ಅದೇ ತಪ್ಪು ಬಂತಂದ್ರ ಮರಿ ಮ್ಯಾಲೆ ಬರ್ತೈತಿ.” ಹೀಗೆ ತಪ್ಪು ಹೊತ್ತ, ಯಾರೂ ಸಾಕದ ಹಕ್ಕಿಗಳ ಫಿಟ್‌ನೆಸ್ ಎಷ್ಟು ಕುಗ್ಗುತ್ತದೆ ಎಂಬುದು ಅವನ ವಿಷಯ. “ಫಿಟ್ಟಿಂಗಾ?” ಎಂದೆ ನಾನು. “ಅಲ್ಲಕ್ಕಾ. ಹಕ್ಕಿ ಎಷ್ಟು ಮರಿ ಮಾಡ್ತು, ಅದರಾಗ ಎಷ್ಟು ಬದುಕಿ ತಾವೂ ಮರಿ ಮಾಡಿದ್ವು ಅನ್ನೋದು.” ಆ ಲೆಕ್ಕದಲ್ಲಿ, ಮೆಟ್ಟಿಲು ಹತ್ತಲು ಏದುಸಿರು ಬಿಟ್ಟರೂ ಮನೆ ತುಂಬ ಮಕ್ಕಳು ಮೊಮ್ಮಕ್ಕಳಿರುವ ಕಸ್ತೂರಿಬಾಯಿ ಗಲ್ಲಿಗೇ ಫಿಟ್, ಮದುವೆಯೇ ಆಗದ ನನ್ನದು ಸೊನ್ನೆ. ಇದನ್ನು ಅವನು ಹೇಳಲಿಲ್ಲ. ನಾನೇ ಹಾಕಿಕೊಂಡ ಲೆಕ್ಕ.

ಗುಬ್ಬಿಗಳು ಗೂಡು ಕಟ್ಟಲೆಂದು ಗಲ್ಲಿಯ ಗೋಡೆಗಳಿಗೆಲ್ಲ ಅವನು ಮರದ ಪೆಟ್ಟಿಗೆ ತೂಗುಹಾಕಿದ್ದ. ನಮ್ಮ ಬಾಲ್ಕನಿಯ ಪೆಟ್ಟಿಗೆಗೆ ಬಂದದ್ದು ಸುಣ್ಣದಲ್ಲಿ ಅದ್ದಿ ತೆಗೆದಂಥ ಒಂದು ಹೆಣ್ಣು ಗುಬ್ಬಿ. ರಾಘು ಕುಣಿದಾಡಿದ. “ಬಣ್ಣದ ದೋಷ ಐತಿ ಇದಕ್ಕ. ಬಣ್ಣ ಇಲ್ಲದ ಗರಿ ಲಗೂ ಸವೀತಾವ. ಬೆಕ್ಕಿಗೂ ದೂರದಿಂದ ಕಾಣತೈತಿ. ಹೆಂಗ ಬದುಕತೈತೋ ನೋಡಬೇಕು. ನಾ ಬೇಗಂ ಬಜಾರದಾಗ ಇರ್ತೀನಿ, ಇದನ್ನ ನೀ ನೋಡ್ಕೋ.”

ನೋಡ್ಕೋ ಎಂದ. ಕೂಸನ್ನು ನೋಡಿಕೋ ಎಂದರೆ ಅದು ಮೆಟ್ಟಿಲಿನಿಂದ ಉರುಳುವುದನ್ನು ಕಣ್ಣರಳಿಸಿ ನೋಡುತ್ತ ಕೂಡು ಎಂದು ಯಾರಾದರೂ ಅರ್ಥ ಮಾಡುತ್ತಾರೆಯೇ? ನಮ್ಮವ್ವ ಕಣ್ಣು ಮುಚ್ಚುವಾಗ ಇವನನ್ನು ನನಗೆ ಒಪ್ಪಿಸಿದ್ದೂ ಇದೇ ಮಾತಿನಲ್ಲಿ. ನಾನು ಹೇಗೆ ನೋಡಿಕೊಂಡೆ ಎಂಬುದಕ್ಕೆ ಅವನ ಹೊಟ್ಟೆಯೇ ಸಾಕ್ಷಿ. ಗುಬ್ಬಿಯನ್ನೂ ಹಾಗೆಯೇ ನೋಡಿಕೊಂಡೆ. ಅವನು ಅತ್ತ ಹೋದೊಡನೆ ಇತ್ತ ಸಜ್ಜೆ, ಅಕ್ಕಿಯ ನುಚ್ಚು. ಮರಿಗಳಿಗೆ ಹುಳ ಬೇಕೆಂದು ಅವನೇ ಬಾಯಿತಪ್ಪಿ ಹೇಳಿದ ಮೇಲೆ ರವೆಯ ಡಬ್ಬಿಯ ಮುಚ್ಚಳ ತೆಗೆದಿಟ್ಟೆ. ಹುಳ ಹಿಡಿಯಲೆಂದೇ ರವೆ ತಂದ ಹೆಂಗಸು ಇಡೀ ಹೈದರಾಬಾದಿನಲ್ಲಿ ನಾನೊಬ್ಬಳೇ ಇರಬೇಕು. ಬೆಕ್ಕು ಬಂದರೆ ಬಟ್ಟೆ ಅಳೆಯುವ ಗಜಕೋಲು ಹಿಡಿದು ಓಡುತ್ತಿದ್ದೆ.

ನಿಜ ಹೇಳಬೇಕೆಂದರೆ, “ಏನೂ ಹಾಕಬ್ಯಾಡ ಮತ್ತ” ಎಂದೂ ಅವನು ಅಂದಿದ್ದ. ಹೊಲಿಗೆ ಯಂತ್ರದ ಸದ್ದಿನಲ್ಲಿ ಅದು ಕೇಳಿಸಲಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ. ಆ ಹೊತ್ತಿಗೆ ಯಂತ್ರ ನಿಂತಿತ್ತು.

ಬಿಳಿ ಗುಬ್ಬಿ ಮೇಲಿಂದ ಮೇಲೆ ಮರಿ ಹಾರಿಸಿತು. ದೋಷವಿಲ್ಲದ ಗುಬ್ಬಿಗಳ ಗೂಡಿನಲ್ಲಿ ಅಷ್ಟು ಮರಿ ಉಳಿಯಲಿಲ್ಲ. “ಎಲ್ಲಾರೂ ತಿಳಕೊಂಡಿದ್ದು ಉಲ್ಟಾ ಆತಕ್ಕಾ! ನಾಳೆ ಮೇಡಂ ಬರಾಕತ್ತಾರ, ಎಲ್ಲಾ ತೋರಸ್ತೀನಿ” ಎಂದು ರಾಘು ರೊಟ್ಟಿ ತಿನ್ನುವುದನ್ನೂ ಮರೆತ. ಅವನು ರೊಟ್ಟಿ ಮರೆತದ್ದನ್ನು ನಾನು ಕಂಡದ್ದು ಅದೇ ಮೊದಲು. ನನ್ನ ಸಜ್ಜೆಯ ಕಾಳನ್ನು ಇವನು ಲೋಕದ ಮುಂದೆ ಹೊಸ ಸಂಗತಿಯೆಂದು ಸಾರಿ, ನಾಳೆ ಯಾರಾದರೂ ನಕ್ಕರೆ? ಅಷ್ಟು ವರ್ಷ ಬಿಸಿಲಲ್ಲಿ ಸುಟ್ಟುಕೊಂಡದ್ದೆಲ್ಲ ನಗೆಪಾಟಲು.

ಮರುದಿನ ಅವನಿಗೆ ಕಲಿಸುವ ಮೈಸೂರಿನ ಮೇಡಂ ಬಂದು ಬಾಲ್ಕನಿಯಲ್ಲಿ ನಿಂತರು. “ಹೀಗಾಗೋದು ಸಾಧ್ಯವೇ ಇಲ್ಲ ಕಣೋ ರಾಘು” ಎಂದರು.

“ಸಾಧ್ಯ ಐತ್ರಿ” ಎಂದೆ, ಚಹಾದ ತಟ್ಟೆ ಹಿಡಿದವಳು. ರವೆಯ ಹುಳದವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

“ಅಕ್ಕಾ! ನೋಡ್ಕೋ ಅಂದಿದ್ದೆ ನಾ!”

“ನೋಡ್ಕೊಂಡೀನಲ್ಲೋ!”

ಮೇಡಂ ನಕ್ಕ ನಗೆಗೆ ಕೈಯ ಕಪ್ಪಿನ ಚಹಾ ಅವರ ಸೀರೆಗೇ ಚೆಲ್ಲಿತು. ರಾಘು ನಗಲಿಲ್ಲ. “ಏನೂ ಹಾಕಬ್ಯಾಡ ಅಂತನೂ ಹೇಳಿದ್ದೆ, ಹೌದಿಲ್ಲ?” ಎಂದು ಮೆಲ್ಲಗೆ ಕೇಳಿದ. “ಹೌದಪಾ” ಎಂದೆ. ಅವನು ಗಲ್ಲಿಯ ಕಡೆ ಮುಖ ಮಾಡಿ ನಿಂತ. ಅವನು ಕೂಗಾಡಿದ್ದರೇ ವಾಸಿಯಿತ್ತು.

ಮೇಡಂ ಕಣ್ಣೊರೆಸಿಕೊಂಡು ಹೇಳಿದರು: “ಈ ಗೂಡನ್ನ ಲೆಕ್ಕದಿಂದ ತೆಗೆದುಬಿಡು. ಉಳಿದ ಗೂಡುಗಳ ಕೆಲಸಕ್ಕೇನೂ ಆಗಿಲ್ಲ. ಆದರೆ ಹೊರಗೆ ಹಕ್ಕಿ ಬದುಕದೆ ತಾನಾಗಿ ಸೋಸಿಹೋಗೋ ದೋಷ, ಹೀಗೆ ಆರೈಕೆ ಸಿಕ್ಕರೆ ಉಳಿದುಬಿಡುತ್ತಾ ಅನ್ನೋದೂ ಒಳ್ಳೆ ಪ್ರಶ್ನೇನೇ. ಮುಂದಿನ ಸಲ ಕೆಲವು ಗೂಡಿಗೆ ಕಾಳು ಹಾಕಿ, ಕೆಲವಕ್ಕೆ ಹಾಕದೆ ನೋಡೋಣ. ಅಕ್ಕನೇ ಹಾಕಲಿ. ಅಳತೆ ಮಾತ್ರ ತಪ್ಪಬಾರದು.”

ರಾಘು ತಿರುಗಿದ. “ಇಕಿ ಅಳತಿ ಬ್ಲೌಸಿಗಷ್ಟ ಮೇಡಂ, ಊಟಕ್ಕಿಲ್ಲ.” ಬೈಗುಳ ಬಂತಲ್ಲ, ನನಗೆ ಜೀವ ಬಂತು. ಒಳಗೆ ಹೋಗಿ ಒಂದು ಚಮಚ ತಂದು ನನ್ನ ಕೈಗಿಟ್ಟ. “ಗೂಡಿಗೆ ದಿನಾ ಒಂದು ಚಮಚ ಸಜ್ಜಿ. ಎರಡನೇದು ಹಾಕಂಗಿಲ್ಲ. ನನ್ನ ಮ್ಯಾಲೆ ಆಣಿ ಮಾಡು.”

ತಮ್ಮನ ತಲೆ ಮುಟ್ಟಿ ಆಣೆ ಮಾಡಿದ್ದೇನೆ, ಇವತ್ತಿನವರೆಗೆ ಮುರಿದಿಲ್ಲ. ಒಂದೇ ಚಮಚ. ಆದರೆ ಚಮಚವನ್ನು ಅಂಚಿಗೆ ಸವರಿ ಹಾಕಬೇಕೋ, ಕಾಳು ಜಾರುವವರೆಗೆ ಗೋಪುರ ಏರಿಸಿ ಹಾಕಬೇಕೋ ಎಂಬುದನ್ನು ಅಷ್ಟು ಓದಿದ ಆ ಇಬ್ಬರೂ ಹೇಳಲಿಲ್ಲ. ಏಳನೆಯ ತರಗತಿಯವಳು ನಾನು, ಇಂಥ ಸೂಕ್ಷ್ಮಗಳನ್ನೆಲ್ಲ ಕೇಳಲು ಹೋಗಲಿಲ್ಲ.