ದೇವರ ಚೂರಿಗೆ ಅಭ್ಯಂಜನ

ದೇವರ ಸೇವೆಯಲ್ಲಿರುವವರಿಗೆ ನಗು ಬರುವಂಥ ಸಂಗತಿಗಳು ಉಳಿದವರಿಗಿಂತ ಒಂದು ಹಿಡಿ ಹೆಚ್ಚೇ ಒದಗುತ್ತವೆ. ಇಡೀ ದಿನ ಗರ್ಭಗುಡಿಯಲ್ಲಿ ಒಬ್ಬನೇ ನಿಂತಿರುವ ಆ ದೇವರಿಗೂ ಹೊತ್ತು ಹೋಗಬೇಕಲ್ಲ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ. ಶಿರಸಿಗೆ ಮೋಟಾರು ಬರಲು ಶುರುವಾಗಿದ್ದ ಕಾಲ. ಸಿದ್ದಾಪುರದ ಕಡೆಯ ನಮ್ಮ ದೇವಸ್ಥಾನದಲ್ಲಿ ಅಣ್ಣ ಅರ್ಚಕ. ನಾನು ಅವನಿಗೆ ಹೂವು, ನೀರು, ಗಂಧ ಒದಗಿಸುವವನು.

೧. ಹರಕೆಯ ಚೂರಿ

ಕಿರವತ್ತಿಯ ಗಾಡಿಯವನೊಬ್ಬನ ಎತ್ತು ಕಾಡಿನಲ್ಲಿ ತಪ್ಪಿಸಿಕೊಂಡಿತ್ತು. ಹರಕೆ ಹೊತ್ತ, ಎತ್ತು ತಾನಾಗಿ ಕೊಟ್ಟಿಗೆಗೆ ಬಂತು. ಅವನು ಹುಬ್ಬಳ್ಳಿ ಪೇಟೆಯಿಂದ ಮಡಚುವ ಚೂರಿಯೊಂದನ್ನು ತಂದು ದೇವರಿಗೆ ಒಪ್ಪಿಸಿದ. “ದೇವ್ರ ಬಾಳೆಹಣ್ಣ ಕುಡಗೋಲಿಂದ ಕೊಯ್ಯೂದು ಚಂದ ಕಾಣೂದಿಲ್ರಿ,” ಎಂದ. ಅಂದಿನಿಂದ ನೈವೇದ್ಯದ ಹಣ್ಣಿಗೆ ಅದೇ ಚೂರಿ. ಪೂಜೆಗೆ ಕೂತವನಲ್ಲದೆ ಬೇರೆಯವರು ಅದನ್ನು ತೆರೆಯುವಂತಿಲ್ಲ. ಬಾಯಿ ತೆರೆದ ಆಯುಧ ದೇವರೆದುರು ಇರಬಾರದೆಂದು ಅಣ್ಣ ಪ್ರತಿಸಲ ಮಡಚಿಯೇ ಇಡುತ್ತಿದ್ದ.

ವರ್ಷ ಕಳೆದಂತೆ ಚೂರಿ ಬಿಗಿಯಾಯಿತು, ಅಣ್ಣನ ಹೆಬ್ಬೆರಳು ಸಡಿಲಾಯಿತು. ಕಣ್ಣು ಮುಚ್ಚಿ, ಉಸಿರು ಕಟ್ಟಿ, “ನಾರಾಯಣಾ” ಎಂದು ಎಳೆದರೂ ಅಲಗು ಏಳದು. ಮಂಗಳಾರತಿ ತಡವಾಗತೊಡಗಿತು. ದೇವಸ್ಥಾನದ ಆಡಳಿತ ನೋಡುವ ಮೊಕ್ತೇಸರರು ಒಂದು ದಿನ ಕಡ್ಡಿ ಮುರಿದಂತೆ ಹೇಳಿದರು: “ಭಟ್ರೇ, ನಿಮ್ಮ ಕೈ ಸೋತ್ಹೋತು. ದೀಪಾವಳಿವರೆಗೆ ನೋಡ್ತೆ. ಮತ್ತೂ ಹಿಂಗೇ ಆದ್ರೆ ಪೂಜೆ ತಮ್ಮಂಗೆ ಬಿಡಿ.”

ಅಣ್ಣ ಆ ದಿನ ಉಣ್ಣಲಿಲ್ಲ. ಆ ದೇವರ ಮುಖ ನೋಡದೆ ಅವನಿಗೆ ಬೆಳಗಾದದ್ದೇ ಇಲ್ಲ. ನನಗೂ ಅವನ ಜಾಗ ಬೇಕಿರಲಿಲ್ಲ. ದೇವರೇ, ನಮ್ಮಿಬ್ಬರನ್ನೂ ಇದ್ದಲ್ಲೇ ಇರಿಸಪ್ಪ ಎಂದು ಬೇಡಿಕೊಂಡೆ.

ಮರುದಿನ ಅಣ್ಣ ಕಣ್ಣು ಮುಚ್ಚಿ ಚೂರಿಯೊಡನೆ ಗುದ್ದಾಡುತ್ತಿದ್ದಾಗ ಮತ್ತಿಘಟ್ಟದ ಭಕ್ತರೊಬ್ಬರು ಭಕ್ತಿಯಿಂದ ಕೈಮುಗಿದು ನಿಂತಿದ್ದರು. ಆಮೇಲೆ ನನ್ನನ್ನು ಬದಿಗೆ ಕರೆದು ಕೇಳಿದರು: “ಈ ಚೂರಿ ಪೂಜೆ ನಮ್ಮಲ್ಲಿ ಇಲ್ಲೆ ನೋಡಿ. ಮಂತ್ರ ಎಂತದು, ಹೇಳ್ಕೊಡ್ತ್ರಾ?”

೨. ತುಪ್ಪ

ದೇವರ ಚೂರಿಗೆ ದೇವರ ದೀಪದ ತುಪ್ಪವೇ ಸೈ ಎಂದು ಅಣ್ಣ ಅಲಗು ಮಡಚುವ ಕೀಲಿಗೆ ಧಾರಾಳವಾಗಿ ತುಪ್ಪ ಹಾಕಿದ. ಮರುದಿನ ಅಲಗು ಅರ್ಧ ಎದ್ದಿತು. ಅದರ ಹಿಂದೆಯೇ ಇರುವೆಗಳ ಸಾಲು ಹೊರಟಿತು.

“ಕೊಡವಿ ಬಿಡು ಅಣ್ಣಾ,” ಎಂದೆ.

“ತಡಿಯಾ ತಮಾ. ಅವೂ ಅವನ ಮಕ್ಕಳೇ ಅಲ್ದಾ? ಉಂಡು ಹೋಗ್ಲಿ.”

ನಾವು ಕಾದೆವು. ಭಕ್ತರೂ ಕಾದರು. ಕೊನೆಗೆ ಮೊಕ್ತೇಸರರು ಹೊರಗಿನಿಂದ ಕೇಳಿದರು: “ಇರುವೆದಾದ್ರೂ ಊಟ ಹೊತ್ತಿಗೆ ಸರಿಯಾಗಿ ಆತಾ?”

೩. ತೆಂಗಿನೆಣ್ಣೆ

ತುಪ್ಪ ಬಿಟ್ಟು ತೆಂಗಿನೆಣ್ಣೆ ಹಾಕಿದೆವು. ಸಂಜೆ ಚೂರಿ ಬೆಣ್ಣೆಯ ಹಾಗೆ ತೆರೆಯಿತು, ಅಣ್ಣ ನಕ್ಕ. ಬೆಳಗಿನ ಚಳಿಗೆ ಎಣ್ಣೆ ಗಟ್ಟಿಯಾಗಿ, ಚೂರಿ ಮೊದಲಿಗಿಂತ ಭದ್ರವಾಗಿ ಕೂತುಬಿಟ್ಟಿತ್ತು. ಗಡಿಬಿಡಿಯಲ್ಲಿ ಅಣ್ಣ ಅದನ್ನು ನಂದಾದೀಪದ ಮೇಲೆ ಹಿಡಿದ. ಎಣ್ಣೆ ಕರಗಿತು, ಅಲಗೂ ಎದ್ದಿತು, ಆದರೆ ಕಾದ ಅಲಗು ತಗುಲಿದ ಬಾಳೆಹಣ್ಣು ಚುಂಯ್ ಎಂದಿತು.

ಪ್ರಸಾದ ಬಾಯಿಗೆ ಹಾಕಿಕೊಂಡ ಅಜ್ಜಿಯೊಬ್ಬಳು, “ಇವತ್ತು ಎಂತ ವಿಶೇಷ ಭಟ್ರೇ, ಹಣ್ಣು ಕರಿದಿದ್ರಾ?” ಎಂದಳು.

೪. ಮೋಟಾರಿನ ಎಣ್ಣೆ

ಶಿರಸಿಯ ಮೋಟಾರು ಓಡಿಸುವ ಸಾಹೇಬರು ನಮಗೆ ಬಹಳ ಬೇಕಾದವರು. ಅವರ ಬಳಿ ಒಂದು ಡಬ್ಬಿ ಎಣ್ಣೆ ಇರುತ್ತಿತ್ತು. ಚೂರಿಯ ಸಂಗತಿ ಕೇಳಿ ಅದನ್ನೇ ನನ್ನ ಮುಂದೆ ಹಿಡಿದರು. ಅದು ಗರ್ಭಗುಡಿಗೆ ಆಗುವುದಿಲ್ಲವೆಂದು ಹೇಗೆ ಹೇಳಲಿ ಎಂದು ನಾನು ತಡವರಿಸುತ್ತ, ಅದನ್ನು ಹಾಕಿದರೆ ಪ್ರಯೋಜನ ಉಂಟೇ ಎಂದಷ್ಟೇ ಕೇಳಿದೆ.

ಅವರು ಬೀಡಿ ಬದಿಗಿಟ್ಟು ಹೇಳಿದರು: “ದಿನಾ ಕುಡಿಸ್ತೇನೆ. ನಮ್ದು ಮೋಟಾರು ಒಂದಿನ ಆದ್ರೂ ಹೊತ್ತಿಗೆ ಸರಿಯಾಗಿ ಬಂದದ್ದು ನೋಡಿದ್ದೀರಾ ಭಟ್ರೇ?”

೫. ಹಬ್ಬದ ದಿನ

ನರಕ ಚತುರ್ದಶಿಯ ಬೆಳಿಗ್ಗೆ ಮನೆಮಂದಿಗೆಲ್ಲ ಎಣ್ಣೆ ಹಚ್ಚಿ ಮೀಯುವ ಸಂಭ್ರಮ. ಅಣ್ಣ ಮಾತ್ರ ಚೂರಿ ಹಿಡಿದು ಜಗಲಿಯಲ್ಲಿ ಕೂತಿದ್ದ. ಮೊಕ್ತೇಸರರು ಕೊಟ್ಟ ಗಡುವು ಅದೇ ದಿನ. ಅತ್ತಿಗೆ ಹಂಡೆಯ ಒಲೆಗೆ ಕಟ್ಟಿಗೆ ದೂಡುತ್ತಾ ಅಂದಳು: “ಆ ಚೂರಿಗೆ ತುಪ್ಪ ಹಚ್ಚಿದ್ದಾತು, ಎಣ್ಣೆ ಹಚ್ಚಿದ್ದಾತು. ಒಂದಿನ ಮೀಸಿದ್ರಾ ಅದನ್ನ?”

ನಾವು ಅಣ್ಣತಮ್ಮ ಮುಖ ಮುಖ ನೋಡಿಕೊಂಡೆವು. ಎಣ್ಣೆ ಹಚ್ಚಿಕೊಂಡು ಮೀಯದೆ ಕೂತವನ ಮೈ ಹೇಗಿರಬೇಡ! ಅಣ್ಣ ಕುದಿಯುವ ನೀರು, ಅಂಟುವಾಳದ ನೊರೆ, ತೆಂಗಿನ ನಾರು ಹಿಡಿದು ಚೂರಿಗೆ ಅಭ್ಯಂಜನ ಮಾಡಿಸಿದ. ಕೀಲಿನ ಸಂದಿಯಿಂದ ವರ್ಷಗಟ್ಟಲೆಯ ಬಾಳೆಹಣ್ಣಿನ ಅಂಟು, ತುಪ್ಪದ ಜಿಗುಟು, ಒಂದೆರಡು ಇರುವೆ ಎಲ್ಲ ಕಪ್ಪಗೆ ಇಳಿದುಹೋದವು. ಒಲೆಯ ಬದಿಗೆ ಒಣಗಿಸಿ, ದರ್ಭೆಯ ತುದಿಯಿಂದ ಕೀಲಿಗೆ ಒಂದೇ ಹನಿ ಎಳ್ಳೆಣ್ಣೆ ಮುಟ್ಟಿಸಿ, ಹೆಚ್ಚಿದ್ದನ್ನು ಒರೆಸಿದ. ಅಷ್ಟರಲ್ಲಿ ಪೂಜೆಗೆ ಹೊತ್ತಾಗಿತ್ತು. ತೆರೆದು ನೋಡಲು ಪುರಸೊತ್ತಾಗಲಿಲ್ಲ.

ದೇವಸ್ಥಾನ ತುಂಬಿತ್ತು. ಮೊಕ್ತೇಸರರು ಜರಿ ರುಮಾಲು ಸುತ್ತಿಕೊಂಡು ಹೊಸ್ತಿಲವರೆಗೂ ಬಂದು, ಅಣ್ಣನ ಕೈಯನ್ನೇ ನೋಡಲು ಬಗ್ಗಿ ನಿಂತರು. ಅಣ್ಣ ಹೊಸ್ತಿಲ ಒಳಗೆ ಕೂತು ಅಭ್ಯಾಸದಂತೆ ಕಣ್ಣು ಮುಚ್ಚಿದ, ಉಸಿರು ಕಟ್ಟಿದ, ಮೈಯಲ್ಲಿದ್ದ ಬಲವನ್ನೆಲ್ಲ ಹೆಬ್ಬೆರಳಿಗೆ ತಂದು “ನಾರಾಯಣಾ” ಎಂದು ಎಳೆದ.

ಚೂರಿಗೆ ಅಷ್ಟು ಬಲ ಬೇಕಿರಲಿಲ್ಲ. ಅಲಗು ಎಡಗೈಯಲ್ಲಿ ಟಕ್ಕೆಂದು ತೆರೆದುಕೊಂಡಿತು. ಬಲಗೈ ಬಿಟ್ಟ ಬಾಣದಂತೆ ಹೊರಗೆ ಹಾರಿ ಮೊಕ್ತೇಸರರ ರುಮಾಲಿಗೆ ಬಡಿಯಿತು. ರುಮಾಲು ಜನರ ತಲೆ ದಾಟಿ ಹೋಗಿ ಜಾಗಟೆಯವನ ಮಡಿಲಲ್ಲಿ ಕೂತಿತು.

ಮೊಕ್ತೇಸರರು ಬೋಳುತಲೆ ಸವರಿಕೊಳ್ಳುತ್ತಾ ಸೆಟೆದು ನಿಂತರು.

“ಈ ಭಟ್ರ ಕೈ ಸೋತ್ಹೋತು ಹೇಳಿ ಹೇಳಿದ್ದು ಯಾರು?”

“ನೀವೇಯಾ,” ಎಂದ ಜಾಗಟೆಯವ, ರುಮಾಲು ಹಿಡಿದುಕೊಂಡೇ.

“ಹಂಗಾರೆ ಈಗ ಬೇರೆ ಹೇಳ್ತೆ. ಅವ್ರ ಮೈಯಲ್ಲಿ ಜೀವ ಇಪ್ಪವರೆಗೂ ಪೂಜೆ ಅವ್ರದ್ದೇ,” ಎಂದು ಮೊಕ್ತೇಸರರು ಎರಡು ಹೆಜ್ಜೆ ಹಿಂದೆ ಸರಿದರು. “ನಾನೇ ಇನ್ನು ಸ್ವಲ್ಪ ದೂರ ನಿಂತ್ಕಳ್ತೆ.”