ಅರ್ಧ ಟೋಲಿಗೆ ಓಡಿದ ಹೆಣ್ಣಿನಪ್ಪ

"ಆ ಸೇತುವೆ ಗೇಟಿಗೆ ಹೋಗುತ್ತಲೂ ಪೂರ್ತಿ, ಬರುತ್ತಲೂ ಪೂರ್ತಿ ದುಡ್ಡು ತೆತ್ತು ಬರೋ ಗಂಡಸು ಈ ಅಶ್ವತ್ಥಪ್ಪ ಅಲ್ಲ!"

ತಮಿಳುನಾಡಿನ ಗಡಿಯೊಳಗಿನ ನಮ್ಮೂರು ಬೇರಿಕೆಯ ಟೀ ಅಂಗಡಿಯಲ್ಲಿ ಆ ಶನಿವಾರ ನಾನು ಹೀಗೆ ಘೋಷಿಸಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಬೋಂಡಾ ಕೇಳಿದ. ಇರಲಿ, ಚಳವಳಿಗಾರನಿಗೆ ಇದು ಹೊಸದಲ್ಲ.

ರೈತ ಸಂಘದ ಹೆಸರಿನಲ್ಲಿ ಮೂವತ್ತು ವರ್ಷ ರಸ್ತೆಯ ಮೇಲೆ ಕೂತು ಕೂತು ಹಿಂಭಾಗ ಸವೆಸಿಕೊಂಡವನು ನಾನು. ಹೊಳೆಗೆ ಆ ಸೇತುವೆ ಕಟ್ಟಿ ಟೋಲ್ ಗೇಟು ನಿಲ್ಲಿಸಿದ ದಿನ ಅದರೆದುರು ಅಡ್ಡಡ್ಡ ಮಲಗಿದ ಮೊದಲ ದೇಹ ನನ್ನದೇ! ಪೊಲೀಸರು ನಾಲ್ಕು ಜನ ಕೈಕಾಲು ಹಿಡಿದು ಹೊತ್ತು, ಊರೆಲ್ಲರ ಜೊತೆ ಮದುವೆ ಮಂಟಪವೊಂದರಲ್ಲಿ ಕೂಡಿಹಾಕಿದರು. ಮಧ್ಯಾಹ್ನ ಪುಳಿಯೋಗರೆ ಪೊಟ್ಟಣ ಕೊಟ್ಟರು, ಸಂಜೆ ಬಿಟ್ಟರು. ನಾವು ಮನೆಗೆ ಬಂದೆವು. ಗೇಟು ಅಲ್ಲೇ ಉಳಿಯಿತು.

ಗೇಟನ್ನಂತೂ ಕೀಳಲಾಗಲಿಲ್ಲ, ಅದರ ನಿಯಮವನ್ನಾದರೂ ಅರೆದು ಕುಡಿಯೋಣ ಎಂದು ಕೂತೆ. ಗೇಟಿನ ಆಸುಪಾಸಿನ ಊರುಗಳಿಗೆ ಕಡಿಮೆ ದರದ ತಿಂಗಳ ಪಾಸು. ಬೇರಿಕೆ ಆ ಲೆಕ್ಕಕ್ಕೆ ದೂರ. ವರ್ಷದ ಪಾಸುಂಟು, ಅದಕ್ಕೆ ಮೊದಲೇ ಗಂಟು ಕೊಡಬೇಕು, ಅಂದರೆ ಅವರಿಗೇ ನಾನು ಕೈಸಾಲ ಕೊಟ್ಟಂತೆ! ಬೈಕಿಗೆ ಪುಕ್ಕಟೆ, ಆದರೆ ಹೆಂಡತಿ, ಮಗಳು, ಹಣ್ಣಿನ ಬುಟ್ಟಿ ಇಷ್ಟನ್ನೂ ಬೈಕಿಗೆ ಹೇರುವುದು ಹೇಗೆ? ಕಡೆಗೆ ಉಳಿದದ್ದು ಒಂದೇ. ಕಾರು ದಾಟಿದ ಇಪ್ಪತ್ತನಾಲ್ಕು ಗಂಟೆಯೊಳಗೆ ವಾಪಸು ದಾಟಿದರೆ ಆ ಸಲ ಅರ್ಧ ದುಡ್ಡು. ಇದನ್ನು ಕಂಡುಹಿಡಿದ ದಿನ ನನಗೆ ಸ್ವಾತಂತ್ರ್ಯ ಬಂದಷ್ಟು ಖುಷಿಯಾಗಿತ್ತು.

ಈಗ ಹೊರಟಿದ್ದು ಮಗಳ ಕೆಲಸಕ್ಕೆ. ನನ್ನ ಮಗಳು ವನಿತಾ ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಇದ್ದಾಳೆ. ಅಲ್ಲೇ ಕೆಲಸ ಮಾಡುವ ಗಿರಿ ಅವಳಿಗೆ ಒಪ್ಪಿಗೆ, ಅವನಿಗೂ ಅವಳು ಒಪ್ಪಿಗೆ. ಗಿರಿಯ ಮನೆ ಸೇತುವೆಯ ಆಚೆ, ಕೃಷ್ಣಗಿರಿ ಕಡೆಗೆ. ಭಾನುವಾರ ಅವರ ಮನೆಯಲ್ಲಿ ಮಾತುಕತೆ, ಕೂಡಿಬಂದರೆ ತಾಂಬೂಲ. ಇದಕ್ಕೆ ಮುಂಚೆ ಎರಡು ಸಂಬಂಧ ನನ್ನ ಬಾಯಿಂದಲೇ ಮುರಿದಿದ್ದವು. ಮೊದಲನೆಯವರಿಗೆ ವರದಕ್ಷಿಣೆಯ ವಿರುದ್ಧ ಒಂದು ಗಂಟೆ ಭಾಷಣ ಮಾಡಿದ್ದೆ. ಪಾಪ, ಅವರು ಕೇಳಿಯೇ ಇರಲಿಲ್ಲ!

ಶನಿವಾರ ಸಂಜೆ ಐದಕ್ಕೆ ಸೇತುವೆ ದಾಟಿ, ಆಚೆ ದಡದಲ್ಲಿರುವ ಅಂಜಿನಮ್ಮನ ಅಕ್ಕ ಶ್ಯಾಮಲಮ್ಮನ ಮನೆಯಲ್ಲಿ ಉಳಿದೆವು. ಅಂಜಿನಮ್ಮ ಎಂದರೆ ನನ್ನ ಹೆಂಡತಿ. ಬೆಳಿಗ್ಗೆ ಎದ್ದವಳೇ ಶುರು ಮಾಡಿದಳು.

"ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕಳಿ. ಮಗು ತಾನಾಗಿ ಬಾಯ್ಬಿಟ್ಟು ಕೇಳಿರೋದು ಇದೊಂದೇ ಸಂಬಂಧ. ಇದೂ ಕೆಟ್ರೆ ನಿಮ್ಮ ಎದುರಿಗೇ ಧರಣಿ ಕೂತ್ಕತೀನಿ, ನೋಡಿ!"

"ಗೂಟ ಹೊಡ್ದಂಗೆ ಕೂತಿರ್ತೀನಿ ಕಣೇ. ಆದ್ರೆ ನಾಲ್ಕೂವರೆಗೆ ಅಲ್ಲಿಂದ ಎದ್ಬುಡಬೇಕು."

"ಯಾಕೆ, ಹಸು ಈಯುತ್ತಾ?"

"ಐದಕ್ಕೆ ರಿಯಾಯಿತಿ ಮುಗೀತದೆ."

ಅಂಜಿನಮ್ಮ ನನ್ನನ್ನು ನೋಡಿದ ನೋಟಕ್ಕೆ ಕನ್ನಡದಲ್ಲಿ ಪದವಿಲ್ಲ. ತೆಲುಗಿನಲ್ಲಿ ಇದೆ, ಬರೆಯುವಂಥದ್ದಲ್ಲ.

ಗಿರಿಯ ಅಪ್ಪ ಆವುಲಪ್ಪ, ಅಮ್ಮ ಭದ್ರಮ್ಮ ಬಲು ಒಳ್ಳೆಯ ಜನ. ಮುದ್ದೆ, ಹಿತಕಿದ ಬೇಳೆ ಸಾರು, ಮೇಲೆ ತುಪ್ಪ ಸುರಿದ ಒಬ್ಬಟ್ಟು. ನಾನು ಕೊಟ್ಟ ಮಾತಿನಂತೆ ಗೂಟವಾಗಿ ಕೂತಿದ್ದೆ. ಕೊಡುವ ಬಿಡುವ ಮಾತೇ ಬರಲಿಲ್ಲ. ಮದುವೆ ಖರ್ಚು ಎರಡೂ ಮನೆಗೆ ಸಮಪಾಲು ಎಂದು ಆವುಲಪ್ಪನೇ ಹೇಳಿದ. ವಾದಕ್ಕೆ ಏನೂ ಸಿಗದೆ ನನ್ನ ನಾಲಿಗೆ ಒಳಗೊಳಗೇ ಒದ್ದಾಡಿತು. ಎಲ್ಲ ಮುಗಿದು ಇನ್ನೇನು ತಾಂಬೂಲ ತಟ್ಟೆ ಬರಬೇಕು, ಭದ್ರಮ್ಮ ಸೆರಗು ಸರಿಮಾಡಿಕೊಂಡು ಹೇಳಿದರು:

"ನಮ್ಮಣ್ಣ ಬರ್ಬೇಕು. ಹುಡುಗನ ಸೋದರಮಾವ, ಅವನು ಹೂಂ ಅನ್ನದೆ ನಮ್ಮನೇಲಿ ತಟ್ಟೆ ಎತ್ತಲ್ಲ. ಡೆಂಕಣಿಕೋಟೆ ಹತ್ರ ಅವನ ರಾಗಿ ಹೊಲಕ್ಕೆ ರಾತ್ರಿ ಆನೆ ನುಗ್ಗಿತ್ತಂತೆ, ಅದಕ್ಕೇ ತಡ. ಹೆಂಗೂ ಈಗ ರಾಹುಕಾಲ ಬತ್ತದೆ. ಆರಕ್ಕೆ ಕಳೀತದೆ, ಅಷ್ಟೊತ್ತಿಗೆ ಅವನೂ ಬತ್ತಾನೆ."

ಆರು ಗಂಟೆ! ಆರಕ್ಕೆ ತಾಂಬೂಲ ಎಂದರೆ ನನ್ನ ಅರ್ಧ ರಿಯಾಯಿತಿ ಹೊಳೆಗೆ ಬಿದ್ದಂತೆ. ಆಗ ತಲೆಯಲ್ಲಿ ಒಂದು ಮಿಂಚು ಹೊಡೆಯಿತು. ಗೇಟು ಇಲ್ಲಿಂದ ಹತ್ತು ನಿಮಿಷ. ಈಗಲೇ ಹೋಗಿ ಐದರೊಳಗೆ ದಾಟಿ, ಅರ್ಧ ದುಡ್ಡಿನ ಹಕ್ಕನ್ನು ಬಳಸಿಕೊಂಡು, ಸೋದರಮಾವ ಬರುವ ಮುಂಚೆ ಬಂದು ಕೂತರೆ ಯಾರಿಗೆ ಗೊತ್ತಾಗುತ್ತದೆ?

ಓದುತ್ತಿರುವ ನಿಮಗೆ ತಪ್ಪು ಎಲ್ಲಿದೆ ಎಂದು ಆಗಲೇ ಹೊಳೆದಿರುತ್ತದೆ. ನನಗೆ ಹೊಳೆಯಲಿಲ್ಲ. ಅರೆದು ಕುಡಿದದ್ದು ಹೆಚ್ಚಾಗಿತ್ತು.

"ಮಲ್ಲಿಗೆ ಹೂವು ಮರೆತೆವು, ತಂದುಬಿಡ್ತೀನಿ" ಎಂದು ಎದ್ದೆ.

"ರಾಹುಕಾಲದಾಗೆ ಹೊಸ್ತಿಲು ದಾಟ್ತಾರಾ ಅಣ್ಣಾ?" ಭದ್ರಮ್ಮ ಗಾಬರಿಯಾದರು.

"ಗಡಿಯಾರಕ್ಕೆ ಹೆದರ್ಕೊಂಡು ಬದುಕಬಾರ್ದು ತಾಯೀ!" ಎಂದೆ, ಗಡಿಯಾರ ನೋಡುತ್ತ.

ಐದಕ್ಕೆ ಇನ್ನೂ ಐದು ನಿಮಿಷ ಇರುವಾಗ ಗೇಟು ದಾಟಿದೆ. ಗಾಜಿಗೆ ಅಂಟಿಸಿದ ಟ್ಯಾಗಿನಿಂದ ದುಡ್ಡು ಮುರಿದುಕೊಂಡು ಅಡ್ಡಕೋಲು ಮೇಲೆದ್ದಿತು. ಅರ್ಧ ದುಡ್ಡು! ಒಬ್ಬನೇ ಕಾರಿನಲ್ಲಿ ಜಯಕಾರ ಹಾಕಿದೆ. ಸೇತುವೆ ಮುಗಿಸಿ ಹೊಸೂರು ಕಡೆಯ ದಡ ಮುಟ್ಟಿ ಒಂದು ಹುಣಸೆ ಮರದ ಕೆಳಗೆ ಕಾರು ನಿಲ್ಲಿಸಿದೆ. ಆಗ ಬುದ್ಧಿ ಬಂತು. ನಾನು ಈ ದಡದಲ್ಲಿದ್ದೆ. ಹೆಂಡತಿ, ಮಗಳು, ತಾಂಬೂಲ, ಬೀಗರು ಎಲ್ಲರೂ ಆ ದಡದಲ್ಲಿದ್ದರು. ನಡುವೆ ಸೇತುವೆ ಇತ್ತು.

ಪೂರ್ತಿ ಟೋಲು ಬಾಯಿ ತೆರೆದು ಕಾಯುತ್ತಿತ್ತು!

ಹಲ್ಲು ಕಚ್ಚಿಕೊಂಡು ತಿರುಗಿಸಿದೆ. ಗೇಟಿನಲ್ಲಿ ಕೋಲು ಏಳಲಿಲ್ಲ. ಕಿಟಕಿಯೊಳಗಿದ್ದ ಹುಡುಗಿ ಪರದೆ ನೋಡಿ ಹೇಳಿದಳು: "ಬ್ಯಾಲೆನ್ಸ್ ಇಲ್ಲೆ ಸಾರ್. ಕ್ಯಾಷ್ ಕುಡುತ್ತಾ ಡಬಲ್." ಟ್ಯಾಗಿನಲ್ಲಿ ದುಡ್ಡು ಮುಗಿದಿತ್ತು, ನಗದು ಕೊಟ್ಟರೆ ಡಬಲ್ಲಂತೆ.

ಡಬಲ್! ಅರ್ಧ ಉಳಿಸಲು ಬಂದವನಿಗೆ ಎರಡರಷ್ಟು! ರಕ್ತದಲ್ಲಿದ್ದ ಮೂವತ್ತು ವರ್ಷವೂ ಒಮ್ಮೆಗೇ ಕುದಿಯಿತು. ಎಂಜಿನ್ ಆರಿಸಿ, ಕೀ ಜೇಬಿಗೆ ಹಾಕಿ, ಹಸಿರು ಟವಲು ಕೊಡವಿ, ಸ್ವಂತ ಕಾರಿನ ಮುಂದೆ ಚಕ್ಕಳಮಕ್ಕಳ ಕೂತುಬಿಟ್ಟೆ. "ಟೋಲ್ ದರೋಡೆಗೆ ಧಿಕ್ಕಾರ!" ಕನ್ನಡದಲ್ಲಿ ಕೂಗಿದೆ, ತಮಿಳಿನಲ್ಲಿ ಕೂಗಿದೆ. ಹಿಂದಿನಿಂದ ಹಾರನ್ನುಗಳು ಉತ್ತರ ಕೊಟ್ಟವು. ಹಿಂದೆಲ್ಲ ನಾನು ಧಿಕ್ಕಾರ ಎಂದರೆ ಸಾವಿರ ಗಂಟಲು ದನಿಗೂಡಿಸುತ್ತಿದ್ದವು.

ಹುಡುಗಿ ಕಿಟಕಿಯಿಂದ ಬಗ್ಗಿ, ಜಗಳಕ್ಕಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು: "ಉಂಗಳುಕ್ಕು ಎನ್ನ ವೇಣುಂ, ಐಯಾ?"

ನಿಮಗೆ ಏನು ಬೇಕು?

ಬಾಯಿ ತೆರೆದೆ. ಅಂದು ಇದೇ ಜಾಗದಲ್ಲಿ ಮಲಗಿದಾಗ ಉತ್ತರ ನಾಲಿಗೆ ತುದಿಯಲ್ಲಿತ್ತು: ಹೊಳೆ ನಮ್ಮದು, ನೆಲ ನಮ್ಮದು, ದಾಟಲು ಕಾಸು ಯಾಕೆ? ಇಂದು ಬಾಯಿಂದ ಹೊರಟ ಮಾತು, "ಅರ್ಧಕ್ಕೆ ಬಿಡಮ್ಮಾ."

ನನ್ನ ದನಿ ನನಗೇ ಕೇಳಿಸಿತು. ಲಾಠಿಯಿಂದ ಮುರಿಯಲಾಗದ್ದನ್ನು ಇವರು ರಿಯಾಯಿತಿಯಿಂದ ಮುರಿದಿದ್ದರು. ಕೊಡುವುದಿಲ್ಲ ಎಂದವನು ಎಷ್ಟು ಕಡಿಮೆ ಕೊಡಲಿ ಎಂದು ಲೆಕ್ಕ ಹಾಕುವವನಾಗಿದ್ದು ಯಾವಾಗ ಎಂದು ಯೋಚಿಸಿದೆ. ಯಾವುದೋ ಒಂದು ದಿನವಲ್ಲ. ದಾಟಿದ ಪ್ರತಿ ಸಲವೂ ಸ್ವಲ್ಪ ಸ್ವಲ್ಪ.

ಅಷ್ಟರಲ್ಲಿ ಹಿಂದಿನ ಜೀಪಿನಿಂದ ಒಬ್ಬ ಆಜಾನುಬಾಹು ಇಳಿದು ಬಂದ. ಕೆಂಪು ಕಣ್ಣು, ಪಂಚೆ ತುಂಬ ಕೆಸರು.

"ಏನಯ್ಯಾ ನಿನ್ ಗೋಳು? ರಾತ್ರಿಯೆಲ್ಲ ಆನೆ ಓಡ್ಸಿ ಬಂದಿವ್ನಿ ಕಣಯ್ಯಾ! ಅದಾದ್ರೂ ಪಟಾಕಿ ಹೊಡುದ್ರೆ ಎದ್ದು ಹೋಗ್ತದೆ. ನಿಂಗೇನು ಹೊಡೀಲಿ?"

"ಇದು ತತ್ವದ ಪ್ರಶ್ನೆ" ಎಂದೆ, ಕ್ಷೀಣವಾಗಿ.

"ತತ್ವ ರಸ್ತೆ ಪಕ್ಕಕ್ಕೆ ಹಾಕ್ಕೊಂಡು ಕೂತ್ಕ! ತಗಳಮ್ಮಾ, ಇವನದ್ದೂ ನಾನೇ ಕೊಡ್ತೀನಿ. ಡಬಲ್ಲಾದ್ರೂ ಸರಿ. ಅಲ್ಲಿ ನಮ್ಮ ಭದ್ರಿ ಮಗನ ತಾಂಬೂಲ ನಾನಿಲ್ದೆ ನಿಂತದೆ."

ಭದ್ರಿ ಮಗ! ಆನೆ! ಎದ್ದೆನೋ, ಭೂಮಿಯೇ ನನ್ನನ್ನು ಎತ್ತಿ ಒಗೆಯಿತೋ ಗೊತ್ತಿಲ್ಲ. ಟವಲನ್ನು ಮುಖಕ್ಕೆ ಸುತ್ತಿಕೊಂಡು, ಒಂದು ಮಾತೂ ಆಡದೆ ಕಾರು ಹತ್ತಿ, ಗೇಟಿನಾಚೆ ಬದಿಗೆ ನಿಲ್ಲಿಸಿ, ಸೋದರಮಾವನ ಜೀಪು ಮುಂದೆ ಹೋಗಲಿ ಎಂದು ಕಾದೆ.

ಆವುಲಪ್ಪನ ಮನೆ ಬಾಗಿಲಿಗೆ ನಾನು ಬಂದಾಗ ಒಳಗಿನಿಂದ ಅದೇ ಗಂಟಲು ಕೇಳುತ್ತಿತ್ತು.

"...ಹಸಿರು ಟವಲು ಬೇರೆ! ಕಾರು ಇಟ್ಕಂಡವ್ನೆ, ಕಾಸಿಲ್ಲ! ಅರ್ಧಕ್ಕೆ ಬಿಡಮ್ಮ ಅಂತಾನೆ, ಸಂತೇಲಿ ಬದನೇಕಾಯಿ ಕೇಳ್ದಂಗೆ!"

ಎಲ್ಲರೂ ನಗುತ್ತಿದ್ದರು, ಅಂಜಿನಮ್ಮ ಒಬ್ಬಳನ್ನು ಬಿಟ್ಟು. ಅವಳಿಗೆ ಟವಲು ಎನ್ನುವಾಗಲೇ ತಿಳಿದುಹೋಗಿತ್ತು. ನಾನು ಹೊಸ್ತಿಲ ಮೇಲೆ ನಿಂತೆ. ನಗು ಒಬ್ಬೊಬ್ಬರ ಮುಖದಲ್ಲೇ ಆರುತ್ತ ಬಂತು.

"ಹೂವು ಎಲ್ಲಿ?" ಎಂದಳು ಅಂಜಿನಮ್ಮ. ಅಷ್ಟೇ.

ಕೈ ಖಾಲಿ ಇತ್ತು.

ಸೋದರಮಾವ ಮುನಿಶಾಮಪ್ಪ ಎದ್ದು ನಿಂತು ನನ್ನನ್ನು ಟವಲಿನಿಂದ ಚಪ್ಪಲಿಯ ತನಕ ನೋಡಿದ. "ಇವ್ರು... ಹೆಣ್ಣಿನ ತಂದೇನಾ?"

ಅಡುಗೆಮನೆಯ ಬಾಗಿಲಲ್ಲಿ ವನಿತಾ ನಿಂತಿದ್ದಳು. ಅವಳು ನನ್ನನ್ನು ನೋಡಲಿಲ್ಲ, ನೆಲ ನೋಡುತ್ತಿದ್ದಳು. ಎರಡು ಸಂಬಂಧ ಮುರಿದಾಗಲೂ ಅವಳು ಅತ್ತಿರಲಿಲ್ಲ. ಈಗ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದಳು.

"ಹೌದು, ನಾನೇ" ಎಂದೆ. "ತಪ್ಪು ನನ್ನದು. ಮಗಳದ್ದಲ್ಲ."

ಮುನಿಶಾಮಪ್ಪ ಮೀಸೆ ತೀಡಿದ. ತಂಗಿಯ ಕಡೆ ತಿರುಗಿದ.

"ಡಬಲ್ ಕೊಟ್ಟು ಬಿಡಿಸ್ಕೊಂಡು ಬಂದಿವ್ನಿ ಕಣಮ್ಮಾ ಇವ್ರನ್ನ! ಈಗ ಸಂಬಂಧ ಬ್ಯಾಡ ಅಂದ್ರೆ ನನ್ ದುಡ್ಡು ಯಾರು ಕೊಡ್ತಾರೆ? ತಟ್ಟೆ ತತ್ತಾ!"

ತಟ್ಟೆ ಬಂತು. ಟವಲನ್ನು ಹೆಗಲಿಂದ ತೆಗೆದು ಜೇಬಿಗೆ ತುರುಕಿ, ಎರಡೂ ಕೈಯಿಂದ ಅದನ್ನು ಹಿಡಿದೆ.

ಮರಳುವಾಗ ಕಾರನ್ನು ವನಿತಾ ಓಡಿಸಿದಳು. ನನ್ನ ಕೈಗೆ ಕೀ ಕೊಡಲು ಯಾರೂ ಸಿದ್ಧರಿರಲಿಲ್ಲ. ಫೋನಿನಲ್ಲೇ ಟೋಲಿಗೆ ದುಡ್ಡು ತುಂಬಿದಳು. ಕೋಲು ಮೇಲೆದ್ದಿತು, ಎಷ್ಟು ಹೋಯಿತೆಂದು ನಾನು ಕೇಳಲಿಲ್ಲ. ಸೇತುವೆಯ ನಡುವೆ, ರಸ್ತೆಯಿಂದ ಕಣ್ಣು ಕೀಳದೆ ಅವಳು ಹೇಳಿದಳು.

"ಅಪ್ಪಾ, ಮದ್ವೆ ಆದ್ಮೇಲೆ ಗಿರಿ ಮನೆಗೆ ನನ್ನ ನೋಡಕ್ಕೆ ಬತ್ತೀಯಲ್ಲ, ಆಗ ಇಪ್ಪತ್ನಾಕು ಗಂಟೇಲಿ ಓಡ್ಬೇಡ. ಎರಡು ದಿನ ಇದ್ದು ಹೋಗು. ಪೂರ್ತಿ ದುಡ್ಡು ಕೊಟ್ಟೇ ಹೋಗು."

ಕೆಳಗೆ ಹೊಳೆಯಲ್ಲಿ ನೀರು ಇತ್ತೋ ಇಲ್ಲವೋ, ನನಗೆ ಕಾಣಿಸಲಿಲ್ಲ. "ಆಗ್ಲಮ್ಮಾ" ಎಂದೆ. "ಎರಡಲ್ಲ, ನಾಕು ದಿನ ಇರ್ತೀನಿ."

ಹಿಂದಿನ ಸೀಟಿನಿಂದ ಅಂಜಿನಮ್ಮ ಆಕಳಿಸಿದಳು.

"ಇರಿ, ಇರಿ. ನೀವು ನಾಕು ದಿನ ಇದ್ರೆ ಆ ಮನೆಯೋರೇ ಟೋಲ್ ಕೊಟ್ಟು ಕಳಿಸ್ತಾರೆ."